ಹತ್ತಿರದ್ದು ದೂರದ್ದರ ವೇಷ ತೊಟ್ಟಾಗ

ಶರಾವತಿಯ ಹಿನ್ನೀರನ್ನು ನೋಡುತ್ತ ಬೆಳೆದವಳು ನಾನು. ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ಅಮ್ಮನ ತವರುಮನೆ, ತೋಟ, ಗದ್ದೆ ಎಲ್ಲವೂ ಆ ನೀರಿನ ಅಡಿಗೆ ಹೋದವು. ಹಾಗಾಗಿ ‘ಮುಳುಗಡೆ’ ಎಂಬ ಮಾತು ಅಕ್ಷರ ಕಲಿಯುವ ಮೊದಲೇ ನಮ್ಮ ಕಿವಿಗೆ ಬಿದ್ದಿತ್ತು. ಬೇಸಿಗೆಯಲ್ಲಿ ನೀರು ಇಳಿದು ಹಳೆಯ ಮರಗಳ ಬೊಡ್ಡೆಗಳು ತಲೆಯೆತ್ತಿದಾಗ ಅಪ್ಪಯ್ಯ ದಡದಲ್ಲಿ ನಿಂತು, ಇಂಥಲ್ಲಿ ದಾರಿ ಇತ್ತು, ಇಂಥಲ್ಲಿ ಕಣ ಇತ್ತು ಎಂದು ಬೆರಳು ತೋರಿಸುತ್ತಿದ್ದರು. ಆ ನೀರಿನ ಮೇಲೆ 2020ರ ಆರಂಭದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಂದು ಆಂಟೆನಾವನ್ನು ತೇಲಿಬಿಟ್ಟು, ವಿಶ್ವದ ಮೊತ್ತಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಸುಳಿವಿಗಾಗಿ ಹುಡುಕಿದ್ದರು ಎಂಬ ಸಂಗತಿ ನನಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ, ಪತ್ರಿಕೆಯಲ್ಲಿ ಓದಿದಾಗ. ಓದಿ ಮುಗಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ವಿಶ್ವದ ಆರಂಭದ ಗೆಲಾಕ್ಸಿಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬಂದವಳು. ಆದರೂ ಆ ಹುಡುಕಾಟ ನನ್ನ ಊರಿನ ನೀರಿನವರೆಗೆ ಬಂದು ಹೋದದ್ದು ನನಗೆ ಗೊತ್ತಾಗಿರಲಿಲ್ಲ.

ಆ ಆಂಟೆನಾ ಅಲ್ಲಿಗೆ ಏಕೆ ಬರಬೇಕಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೊರಡಬೇಕು.

ಮಹಾಸ್ಫೋಟ ನಡೆದು ಸುಮಾರು 1380 ಕೋಟಿ ವರ್ಷಗಳಾದವು. ಮೊದಲ 3,80,000 ವರ್ಷ ವಿಶ್ವವು ಕಾದ ಮಂಜಿನಂತಿತ್ತು. ಬೆಳಕು ಒಂದು ಕಣದಿಂದ ಇನ್ನೊಂದು ಕಣಕ್ಕೆ ಬಡಿಯುತ್ತ ಅಲ್ಲಲ್ಲೇ ತೊಳಲಾಡುತ್ತಿತ್ತು. ತಣಿಯುತ್ತ ಬಂದಂತೆ ಎಲೆಕ್ಟ್ರಾನುಗಳು ಪ್ರೋಟಾನುಗಳಿಗೆ ಅಂಟಿಕೊಂಡು ಜಲಜನಕದ ಪರಮಾಣುಗಳಾದವು, ಬೆಳಕಿಗೆ ದಾರಿ ಬಿಡುಗಡೆಯಾಯಿತು. ಅಲ್ಲಿಂದ ಮುಂದೆ ಬಹುಕಾಲ ಹೊಸ ಬೆಳಕು ಹುಟ್ಟಲಿಲ್ಲ. ಕಣ್ಣಿಗೆ ಕಾಣದ ಕಪ್ಪುದ್ರವ್ಯ ಅಲ್ಲಲ್ಲಿ ಮಡುಗಟ್ಟಿತು, ಅದರ ಸೆಳೆತಕ್ಕೆ ಸಿಕ್ಕ ಅನಿಲ ಆ ಮಡುಗಳಿಗೆ ಹರಿದು ಬಂದು ದಟ್ಟವಾಯಿತು, ಕೆಲವು ಕೋಟಿ ವರ್ಷಗಳ ಬಳಿಕ ಅದರೊಳಗೆ ಮೊದಲ ನಕ್ಷತ್ರಗಳು ಉರಿಯತೊಡಗಿದವು. ಆ ನಕ್ಷತ್ರಗಳ ಸಣ್ಣ ಸಣ್ಣ ಗುಂಪುಗಳು ಒಂದರೊಳಗೊಂದು ಬೆರೆತು, ಅನಿಲವನ್ನು ನುಂಗಿ, ಕೆಲವೊಮ್ಮೆ ಉಗುಳಿ, ಇಂದಿನ ಗೆಲಾಕ್ಸಿಗಳಾದವು. ನಮ್ಮ ಕ್ಷೀರಪಥವೂ ಹೀಗೆ ಕೂಡಿಕೊಂಡು ಬಂದದ್ದೇ.

ಈ ಕಥೆಯನ್ನು ಪರೀಕ್ಷಿಸಲು ನಮಗಿರುವ ಅನುಕೂಲವೆಂದರೆ, ಬೆಳಕು ನಿಧಾನಿ. ಇಷ್ಟು ದೊಡ್ಡ ವಿಶ್ವದಲ್ಲಿ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಎಂಬ ವೇಗ ಏನೇನೂ ಸಾಲದು. ಹಾಗಾಗಿ ದೂರ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ಆದರೆ ಇದೇ ಅನುಕೂಲದೊಳಗೆ ಒಂದು ಅಪಾಯವೂ ಅಡಗಿದೆ. ಒಂದು ಗೆಲಾಕ್ಸಿಯ ವಯಸ್ಸು, ಅದರ ನಿಜವಾದ ಪ್ರಕಾಶ, ಅದರೊಳಗಿರುವ ನಕ್ಷತ್ರಗಳ ಒಟ್ಟು ತೂಕ ಎಲ್ಲವೂ ಅದು ಎಷ್ಟು ದೂರದಲ್ಲಿದೆ ಎಂಬ ಒಂದೇ ಅಳತೆಯ ಮೇಲೆ ನಿಂತಿವೆ. ಆ ಅಳತೆ ತಪ್ಪಿದರೆ ಮೇಲೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಆರಂಭದ ವಿಶ್ವದ ಅಧ್ಯಯನವೆಂದರೆ ಅತಿ ದೂರದ್ದನ್ನು ನೋಡುವ ಕೆಲಸ ಎಂದು ಬಹುಕಾಲ ನಾನೂ ಅಂದುಕೊಂಡಿದ್ದೆ. ಓದುತ್ತ ಹೋದಂತೆ ಬೇರೆಯೇ ಒಂದು ಚಿತ್ರ ಮೂಡಿತು: ಈ ಕ್ಷೇತ್ರದಲ್ಲಿ ದುಡಿಯುವವರ ಬೆವರಿನಲ್ಲಿ ಹೆಚ್ಚಿನ ಪಾಲು ಹರಿಯುವುದು ಹತ್ತಿರದ್ದನ್ನು ಗುರುತಿಸಿ ಬದಿಗಿಡುವುದಕ್ಕೆ. ಹತ್ತಿರದ ದೂಳು, ಹತ್ತಿರದ ಗೆಲಾಕ್ಸಿ, ಹತ್ತಿರದ ಮಣ್ಣು, ಕೊನೆಗೆ ತಮ್ಮದೇ ಉಪಕರಣ.

ಹಿಂದೆ ಈ ತಪ್ಪು ತಿರುವುಮುರುವಾಗಿಯೂ ಆಗಿದೆ. ಶತಮಾನದ ಹಿಂದೆ, ಆಂಡ್ರೊಮಿಡಾ ಎಂದು ಕರೆಯುವ ಆಕಾಶದ ಮಸುಕು ಮಚ್ಚೆ ನಮ್ಮ ಕ್ಷೀರಪಥದೊಳಗಿನ ಒಂದು ಅನಿಲದ ಸುರುಳಿ ಎಂದೇ ಅನೇಕ ವಿದ್ವಾಂಸರು ನಂಬಿದ್ದರು. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ತೆಗೆದ ಗಾಜಿನ ಫಲಕದಲ್ಲಿ, ಮೊದಲು ನೋವಾ (ಇದ್ದಕ್ಕಿದ್ದಂತೆ ಬೆಳಗಿ ಮಂಕಾಗುವ ನಕ್ಷತ್ರ) ಎಂದು ಗುರುತು ಹಾಕಿದ್ದ ಚುಕ್ಕೆಯೊಂದು ಕ್ರಮಬದ್ಧವಾಗಿ ಮಿನುಗುವ ಸೆಫೀಡ್ ನಕ್ಷತ್ರ ಎಂಬುದನ್ನು ಕಂಡುಕೊಂಡರು. ಅಂಥ ನಕ್ಷತ್ರಗಳ ಮಿನುಗಿನ ಅವಧಿಗೂ ಪ್ರಕಾಶಕ್ಕೂ ಇರುವ ನಂಟನ್ನು ಹೆನ್ರಿಯೆಟಾ ಲೆವಿಟ್ 1912ರಲ್ಲಿಯೇ ತೋರಿಸಿಕೊಟ್ಟಿದ್ದರು. ಆ ಅಳತೆಗೋಲಿನಿಂದ ಆಂಡ್ರೊಮಿಡಾ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷ ಆಚೆ ಇದೆ ಎಂದು ಹಬಲ್ ಲೆಕ್ಕ ಹಾಕಿದರು. ಇಂದಿನ ಅಳತೆ 25 ಲಕ್ಷ. ಮನೆಯಂಗಳದ ದೀಪ ಎಂದುಕೊಂಡದ್ದು ಇನ್ನೊಂದು ಊರೇ, ಬೇರೆಯದೇ ಗೆಲಾಕ್ಸಿಯೇ ಆಗಿತ್ತು. 1964ರಲ್ಲಿ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಪೆಂಜಿಯಸ್ ಮತ್ತು ವಿಲ್ಸನ್ ತಮ್ಮ ಕೊಂಬಿನಾಕಾರದ ಆಂಟೆನಾದಲ್ಲಿ ಬಿಡದೆ ಕೇಳುತ್ತಿದ್ದ ಸದ್ದಿಗೆ ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳ ಹಿಕ್ಕೆ ಕಾರಣವಿರಬಹುದೆಂದು ಅದನ್ನು ಉಜ್ಜಿ ತೊಳೆದದ್ದು ಪ್ರಸಿದ್ಧ ಕಥೆ. ತೊಳೆದ ಮೇಲೂ ಉಳಿದ ಸದ್ದು, ಆ 3,80,000ನೇ ವರ್ಷದಲ್ಲಿ ಬಿಡುಗಡೆಯಾದ ಬೆಳಕಿನ ಪಳೆಯುಳಿಕೆ. ಅವರು ತೊಳೆದದ್ದು ವ್ಯರ್ಥ ಎಂದು ನನಗೆ ಎಂದೂ ಅನ್ನಿಸಿಲ್ಲ. ತೊಳೆಯದೆ ಇದ್ದಿದ್ದರೆ ಉಳಿದದ್ದು ಏನು ಎಂದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.

ನಮ್ಮ ಕಾಲೇಜಿನ ಕತ್ತಲೆ ಕೋಣೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಪಾದರಸದ ದೀಪದ ಬೆಳಕನ್ನು ಗ್ರೇಟಿಂಗ್ (ಒತ್ತೊತ್ತಾಗಿ ಗೆರೆ ಎಳೆದ ಫಲಕ) ಮೂಲಕ ಹಾಯಿಸಿ, ಅದರ ರೋಹಿತದ, ಎಂದರೆ ಬಣ್ಣಬಣ್ಣವಾಗಿ ಬಿಡಿಸಿಕೊಂಡ ಬೆಳಕಿನ, ಗೆರೆಗಳ ತರಂಗಾಂತರ ಅಳೆಯುವ ಪ್ರಯೋಗ ಅದು. ದೀಪ ಬಿಸಿಯಾಗಲು ಹತ್ತು ನಿಮಿಷ ಕಾಯಬೇಕು, ಸೀಳುಗಂಡಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಬೇಕು, ಆಮೇಲೆ ದೂರದರ್ಶಕದ ತೋಳನ್ನು ನಿಧಾನವಾಗಿ ತಿರುಗಿಸುತ್ತ ಒಂದೊಂದು ಗೆರೆಯನ್ನೂ ಅಡ್ಡತಂತಿಯ ಮೇಲೆ ಕೂರಿಸಿ ವರ್ನಿಯರ್ ಓದಬೇಕು. ಗ್ರೇಟಿಂಗ್ ಒಂದೇ ರೋಹಿತವನ್ನು ಕೊಡುವುದಿಲ್ಲ. ನಡುವಿನಿಂದ ಹೊರಕ್ಕೆ ಹೋದಂತೆ ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಸಾಲುಗಳು ಬರುತ್ತವೆ, ಆಚೆಯ ಸಾಲುಗಳು ಒಂದರ ಮೇಲೊಂದು ಏರಿಕೊಳ್ಳುತ್ತವೆ. ಎರಡನೆಯ ಸಾಲಿನ ಹಳದಿ ಗೆರೆಗಳನ್ನು ದಾಟಿ ಹೋದ ವಿದ್ಯಾರ್ಥಿಯೊಬ್ಬ ಅಲ್ಲಿ ಇನ್ನೊಂದು ಮಸುಕು ಗೆರೆ ಕಂಡು, ಅದನ್ನೂ ಎರಡನೆಯ ಸಾಲಿನದೆಂದೇ ಎಣಿಸಿ ಲೆಕ್ಕ ಮಾಡಿದ. ರೆಕಾರ್ಡ್ ಪುಸ್ತಕದಲ್ಲಿ ಹೀಗೆ ಬರೆದಿದ್ದ: ಬಣ್ಣ, ನೀಲಿ, ತರಂಗಾಂತರ, 654 ನ್ಯಾನೊಮೀಟರ್.

654 ಎಂದರೆ ಕೆಂಪು. ಪುಸ್ತಕವನ್ನು ಅವನ ಮುಂದಿಟ್ಟು ಏನೂ ಹೇಳದೆ ನಿಂತೆ. ಸ್ವಲ್ಪ ಹೊತ್ತು ನೋಡಿ, “ಮೇಡಂ, ಲೆಕ್ಕ ಸರಿಯಿದೆ, ಆದರೆ ಬಣ್ಣ ಸುಳ್ಳು ಹೇಳೋದಿಲ್ಲವಲ್ಲ” ಎಂದ. ಅದು ಪಾದರಸದ 435.8 ನ್ಯಾನೊಮೀಟರಿನ ನೀಲಿ ಗೆರೆ, ಮೂರನೆಯ ಸಾಲಿನಿಂದ ಎರಡನೆಯ ಸಾಲಿನೊಳಕ್ಕೆ ಬಂದು ಕುಳಿತದ್ದು. ಅವನ ಕೋನದ ಅಳತೆ ಕರಾರುವಾಕ್ಕಾಗಿತ್ತು, ಗುಣಾಕಾರ ಭಾಗಾಕಾರ ಸರಿಯಾಗಿತ್ತು. ಗೆರೆ ಯಾವ ಸಾಲಿನದೆಂಬ ಊಹೆ ಮಾತ್ರ ತಪ್ಪಿತ್ತು. ನಮ್ಮ ಕೋಣೆಯಲ್ಲಿ ಕಣ್ಣಿಗೆ ಬಣ್ಣ ಕಾಣುತ್ತಿತ್ತು, ಹಾಗಾಗಿ ಬಚಾವಾದೆವು. ಅತಿ ದೂರದ ಗೆಲಾಕ್ಸಿಯ ವಿಷಯದಲ್ಲಿ ಖಗೋಳ ವಿಜ್ಞಾನಿಗೆ ಆ ಸಹಾಯವಿಲ್ಲ. ಹೊರಟಾಗ ಇದ್ದ ಬಣ್ಣ ಬಂದು ಸೇರುವಾಗ ಉಳಿದಿರುವುದಿಲ್ಲ.

ವಿಶ್ವ ಹಿಗ್ಗುತ್ತಿರುವುದರಿಂದ ದಾರಿಯಲ್ಲಿರುವ ಬೆಳಕಿನ ಅಲೆಯೂ ಹಿಗ್ಗುತ್ತದೆ. ಇದೇ ಕೆಂಪು ಪಲ್ಲಟ, ಅಥವಾ ಎಲ್ಲರ ಬಾಯಲ್ಲಿರುವ ರೆಡ್‌ಶಿಫ್ಟ್. ರೆಡ್‌ಶಿಫ್ಟ್ 14 ಎಂದರೆ ಅಲೆ 15 ಪಟ್ಟು ಉದ್ದವಾಗಿದೆ ಎಂದರ್ಥ. ಆರಂಭದ ಗೆಲಾಕ್ಸಿಗಳ ಸುತ್ತಲಿನ ಜಲಜನಕ 121.6 ನ್ಯಾನೊಮೀಟರಿಗಿಂತ ಗಿಡ್ಡ ಅಲೆಗಳನ್ನೆಲ್ಲ ಹೀರಿಬಿಡುವುದರಿಂದ, ಅಂಥ ಗೆಲಾಕ್ಸಿಯ ಬೆಳಕು ಒಂದು ಗಡಿಯ ಈಚೆ ಇದ್ದಕ್ಕಿದ್ದಂತೆ ಕತ್ತರಿಸಿ ಹೋದಂತೆ ಕಾಣುತ್ತದೆ. ಆ ಗಡಿ ಅತಿನೇರಳೆಯಿಂದ 15 ಪಟ್ಟು ಸರಿದು ಅವಕೆಂಪಿನಲ್ಲಿ, 1.8 ಮೈಕ್ರಾನಿನ, ಎಂದರೆ 1,800 ನ್ಯಾನೊಮೀಟರಿನ ಆಸುಪಾಸಿಗೆ ಬಂದು ನಿಂತಿರುತ್ತದೆ. ಹೀಗಾಗಿ ಹುಡುಕುವ ಕ್ರಮ ಸರಳ: ಒಂದೇ ತುಂಡು ಆಕಾಶವನ್ನು ಬೇರೆ ಬೇರೆ ಬಣ್ಣದ ಫಿಲ್ಟರುಗಳಲ್ಲಿ ತೆಗೆದು, ಉದ್ದ ಅಲೆಯ ಚಿತ್ರಗಳಲ್ಲಿ ಕಂಡು ಗಿಡ್ಡ ಅಲೆಯ ಚಿತ್ರಗಳಲ್ಲಿ ಮಾಯವಾಗುವ ಚುಕ್ಕೆಗಳನ್ನು ಆರಿಸಿಕೊಳ್ಳುವುದು.

ಇಂಥ ಆಳದ ಚಿತ್ರಗಳಿಗೆ ದಾರಿ ತೆರೆದದ್ದು 1995ರ ಡಿಸೆಂಬರ್. ಬಾಹ್ಯಾಕಾಶದಲ್ಲಿರುವ ಹಬಲ್ ದೂರದರ್ಶಕದ ಆಡಳಿತ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್, ತಮ್ಮ ವಿವೇಚನೆಗೆ ಬಿಟ್ಟಿದ್ದ ಸಮಯವನ್ನು ಬಳಸಿ, ಸಪ್ತರ್ಷಿ ಮಂಡಲದ ಬಳಿ ಏನೂ ಇಲ್ಲದಂತೆ ಕಾಣುವ ಒಂದು ತುಣುಕು ಆಕಾಶವನ್ನು ಸತತ 10 ದಿನ ನೋಡಿಸಿದರು. ಚಿರೋಟಿ ರವೆಯ ಒಂದು ಹರಳನ್ನು ಬೆರಳ ತುದಿಯಲ್ಲಿಟ್ಟು ಕೈ ಚಾಚಿ ಹಿಡಿದರೆ ಎಷ್ಟು ಆಕಾಶ ಮರೆಯಾದೀತೋ ಅಷ್ಟೇ ಅಗಲ. ಅಮೂಲ್ಯ ಸಮಯ ಹಾಳಾದೀತು ಎಂದು ಹಿರಿಯರು ಕೆಲವರು ಮೊದಲೇ ಎಚ್ಚರಿಸಿದ್ದರು. 342 ಸಲ ಒಡ್ಡಿ ತೆಗೆದ ಚಿತ್ರಗಳನ್ನು ಕೂಡಿಸಿದಾಗ ಅಷ್ಟರಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು, ಬಹಳಷ್ಟು ಚಿಕ್ಕವು, ಸೊಟ್ಟಪಟ್ಟ ಆಕಾರದವು, ಒಂದಕ್ಕೊಂದು ತಗುಲಿಕೊಂಡವು. ಗೆಲಾಕ್ಸಿಗಳು ಕಾಲಕ್ರಮದಲ್ಲಿ ಬೆಳೆದು ಬದಲಾಗಿವೆ ಎಂಬುದನ್ನು ಆ ಒಂದೇ ಚಿತ್ರದಲ್ಲಿ ಬರಿಗಣ್ಣಿನಿಂದ ನೋಡಬಹುದಿತ್ತು.

ಹಬಲ್‌ನ ಕನ್ನಡಿ 2.4 ಮೀಟರ್ ಅಗಲದ್ದು, ಅದಕ್ಕೆ ಅವಕೆಂಪಿನ ಆಳ ಅಷ್ಟಾಗಿ ಎಟುಕುವುದಿಲ್ಲ. 2021ರ ಡಿಸೆಂಬರ್ 25ರಂದು ಫ್ರೆಂಚ್ ಗಯಾನಾದಿಂದ ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿ 6.5 ಮೀಟರ್, ಚಿನ್ನದ ಲೇಪನದ 18 ಷಟ್ಕೋನಗಳನ್ನು ಜೋಡಿಸಿದ್ದು. ತನ್ನದೇ ಬಿಸಿ ತನ್ನ ನೋಟಕ್ಕೆ ಅಡ್ಡಬಾರದೆಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಐದು ಪದರದ ಕೊಡೆಯ ನೆರಳಿನಲ್ಲಿ ಅದು ತಣ್ಣಗೆ ಕುಳಿತಿದೆ. ಹತ್ತಿರದ್ದನ್ನು ಅಡಗಿಸುವ ಕೆಲಸ ಅಲ್ಲಿಯೂ ಮೊದಲು ಬರುತ್ತದೆ.

2022ರ ಜುಲೈಯಲ್ಲಿ ವೆಬ್‌ನ ಮೊದಲ ದತ್ತಾಂಶ ಹೊರಬಂದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ರೆಡ್‌ಶಿಫ್ಟ್ 12, 14, 16 ಎಂದು ದಿನಕ್ಕೊಂದು ಘೋಷಣೆ ಕೇಳಿಬರುತ್ತಿತ್ತು, ರಾತ್ರಿ ಊಟವಾದ ಮೇಲೆ ನಾನು ಪ್ರಬಂಧಗಳ ಸಾರಾಂಶ ಓದುತ್ತ ಕೂರುತ್ತಿದ್ದೆ. ಅವುಗಳಲ್ಲಿ ಎಲ್ಲರ ಕಣ್ಣು ಸೆಳೆದದ್ದು ಸೀರ್ಸ್-93316 ಎಂಬ ಚುಕ್ಕೆ. ಎಡಿನ್‌ಬರೋ ವಿಶ್ವವಿದ್ಯಾಲಯದವರ ನೇತೃತ್ವದ ತಂಡ ಅದರ ರೆಡ್‌ಶಿಫ್ಟ್ 16ಕ್ಕೂ ಹೆಚ್ಚು ಎಂದು ಅಂದಾಜಿಸಿತ್ತು. ಅದು ನಿಜವಾಗಿದ್ದರೆ ಮಹಾಸ್ಫೋಟದ ಬಳಿಕ ಸುಮಾರು 25 ಕೋಟಿ ವರ್ಷಕ್ಕೇ ಅಷ್ಟು ಪ್ರಕಾಶಮಾನವಾದ ಗೆಲಾಕ್ಸಿಯೊಂದು ಸಿದ್ಧವಾಗಿತ್ತು ಎಂದು ಒಪ್ಪಬೇಕಿತ್ತು. ಅದೇ ಚುಕ್ಕೆಯ ಬಗ್ಗೆ ರೋಹನ್ ನಾಯ್ಡು ಮತ್ತು ಸಂಗಡಿಗರು ಬರೆದ ಪ್ರಬಂಧ ಬೇರೆ ಧಾಟಿಯಲ್ಲಿತ್ತು: ಇದು 17 ಇರಬಹುದು, 5 ಕೂಡ ಇರಬಹುದು, ಏಕೆಂದರೆ ಆಕಾಶದಲ್ಲಿ ಇದರ ಅಕ್ಕಪಕ್ಕ ಕಾಣುವ ಗೆಲಾಕ್ಸಿಗಳು ರೆಡ್‌ಶಿಫ್ಟ್ 5ರ ಬಳಿ ಇವೆ, ಇದೂ ಅದೇ ಓಣಿಯದಾಗಿದ್ದರೆ ಆಶ್ಚರ್ಯವಿಲ್ಲ.

ಬಳಿಕ ಅದರ ರೋಹಿತವನ್ನೇ ತೆಗೆದು ನೋಡಿದಾಗ ಬಂದ ಉತ್ತರ 4.9. ನಡೆದದ್ದು ಇಷ್ಟು: ಅದು ದೂಳು ಮುಸುಕಿದ, ನಕ್ಷತ್ರಗಳನ್ನು ಬಿರುಸಾಗಿ ಹುಟ್ಟಿಸುತ್ತಿದ್ದ ಗೆಲಾಕ್ಸಿ. ದೂಳು ಗಿಡ್ಡ ಅಲೆಗಳನ್ನು ನುಂಗಿದ್ದರಿಂದ ಬೆಳಕು ಕತ್ತರಿಸಿದಂತೆ ಕಂಡಿತು. ಅದರ ಜಲಜನಕ ಮತ್ತು ಆಮ್ಲಜನಕದ ಪ್ರಖರ ಗೆರೆಗಳು, ಆ ದೂರದಿಂದ ಹಿಗ್ಗಿ ಬಂದಾಗ, ಸರಿಯಾಗಿ ವೆಬ್‌ನ ಉದ್ದ ಅಲೆಯ ಫಿಲ್ಟರುಗಳೊಳಗೆ ಬಿದ್ದು, ಚುಕ್ಕೆ ಆ ಫಿಲ್ಟರುಗಳಲ್ಲೆಲ್ಲ ಸಮನಾಗಿ ಬೆಳಗುತ್ತಿದೆ ಎಂಬ ಭ್ರಮೆ ಹುಟ್ಟಿಸಿದವು. ರೆಡ್‌ಶಿಫ್ಟ್ 4.9 ಎಂಬ ಆ ಒಂದು ನಿರ್ದಿಷ್ಟ ದೂರದಲ್ಲಿ ಮಾತ್ರ ಇಷ್ಟೆಲ್ಲ ಕೂಡಿಬರುತ್ತದೆ. ಮೂರನೆಯ ಸಾಲಿನ ನೀಲಿ ಗೆರೆ ಎರಡನೆಯ ಸಾಲಿನ ಕೆಂಪಿನ ಜಾಗದಲ್ಲಿ ಬಂದು ಕುಳಿತಂತೆಯೇ ಇದು. ಮಹಾಸ್ಫೋಟದಿಂದ 120 ಕೋಟಿ ವರ್ಷಕ್ಕೆ ಸೇರಿದ ಗೆಲಾಕ್ಸಿ 25 ಕೋಟಿಯ ವೇಷ ತೊಟ್ಟು ಬಂದಿತ್ತು. ಅದೇ ವೀಕ್ಷಣೆಯಲ್ಲಿ, ಮೇಸಿಯ ಗೆಲಾಕ್ಸಿ ಎಂದು ಕರೆಯುವ ಇನ್ನೊಂದು ಚುಕ್ಕೆ 11.4 ಎಂಬ ತನ್ನ ಹೆಚ್ಚಿನ ರೆಡ್‌ಶಿಫ್ಟನ್ನು ಉಳಿಸಿಕೊಂಡಿತು. ಒಂದು ಬಿತ್ತು, ಒಂದು ನಿಂತಿತು, ಎರಡೂ ಒಂದೇ ಪ್ರಬಂಧದಲ್ಲಿ 2023ರಲ್ಲಿ ಪ್ರಕಟವಾದವು. ವಿಜ್ಞಾನದ ವರದಿಯೊಂದು ಹೀಗೆ ಸೋಲನ್ನೂ ಗೆಲುವನ್ನೂ ಒಂದೇ ದನಿಯಲ್ಲಿ ಹೇಳಿದ್ದನ್ನು ಓದುವುದು ನನಗೆ ಬಹಳ ಸಮಾಧಾನದ ಅನುಭವ.

ರೋಹಿತ ತೆಗೆಯುವ ವೆಬ್‌ನ ಉಪಕರಣದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದರಲ್ಲಿ ಸುಮಾರು ಎರಡೂವರೆ ಲಕ್ಷ ಪುಟಾಣಿ ಕಿಟಕಿಗಳಿವೆ, ಒಂದೊಂದೂ ಕೆಲವೇ ಕೂದಲೆಳೆಗಳಷ್ಟು ಅಗಲ. ಬೇಕಾದ ಗೆಲಾಕ್ಸಿಯ ಎದುರಿನ ಕಿಟಕಿಯನ್ನು ಮಾತ್ರ ತೆರೆದು ಉಳಿದವನ್ನು ಮುಚ್ಚಬಹುದು. ಅಕ್ಕಪಕ್ಕದವರ ಬೆಳಕನ್ನು ಹೊರಗಿಟ್ಟು ಒಬ್ಬನ ಮಾತನ್ನಷ್ಟೇ ಕೇಳುವ ಏರ್ಪಾಡು ಅದು. ನಮ್ಮ ಕತ್ತಲೆ ಕೋಣೆಯ ಸೀಳುಗಂಡಿಯ ದೊಡ್ಡಪ್ಪನ ಮಗ ಎನ್ನಬಹುದು.

ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿಯ ಕಥೆಯಲ್ಲಿ ಈ ಕಿಟಕಿಗಳ ಬೆಲೆ ಗೊತ್ತಾಗುತ್ತದೆ. ಚಿತ್ರದಲ್ಲಿ ಅದು ಇನ್ನೊಂದು ಹತ್ತಿರದ ಗೆಲಾಕ್ಸಿಗೆ ಒರಗಿಕೊಂಡಂತೆ ಕಂಡಿತ್ತು, ಮೇಲಾಗಿ ಆ ದೂರಕ್ಕೆ ಹೊಂದದಷ್ಟು ಪ್ರಕಾಶವಾಗಿತ್ತು. ಆದ್ದರಿಂದ ಕಂಡುಹಿಡಿದ ತಂಡವೇ ಅದನ್ನು ಸಂಶಯದಿಂದ ನೋಡಿತು. 2024ರ ಜನವರಿಯಲ್ಲಿ ಸುಮಾರು 10 ಗಂಟೆ ಕಿಟಕಿ ತೆರೆದು ರೋಹಿತ ತೆಗೆದ ಮೇಲೆ ಸಂಶಯ ಕರಗಿತು. ಆಮೇಲೆ ಚಿಲಿಯ ಅಟಕಾಮಾ ಮರುಭೂಮಿಯ ಆಲ್ಮಾ ರೇಡಿಯೊ ದೂರದರ್ಶಕಗಳು ಅದರಲ್ಲಿ ಆಮ್ಲಜನಕದ ಗೆರೆಯನ್ನು ಹಿಡಿದು, ರೆಡ್‌ಶಿಫ್ಟ್ 14.18 ಎಂದು ಇನ್ನೂ ನಿಖರವಾಗಿ ಗೊತ್ತುಪಡಿಸಿದವು. ಮಹಾಸ್ಫೋಟದಿಂದ ಸುಮಾರು 29 ಕೋಟಿ ವರ್ಷ, ಗೆಲಾಕ್ಸಿಯ ಅಗಲ ಸುಮಾರು 1,600 ಜ್ಯೋತಿರ್ವರ್ಷ. ಆಮ್ಲಜನಕ ಮಹಾಸ್ಫೋಟದಲ್ಲಿ ಹುಟ್ಟಿದ್ದಲ್ಲ. ನಕ್ಷತ್ರಗಳ ಒಡಲಲ್ಲಿ ಬೆಂದು, ಅವು ಸಿಡಿದಾಗ ಹೊರಬೀಳುವಂಥದ್ದು. ಎಂದರೆ ಅಷ್ಟು ಎಳೆಯ ವಯಸ್ಸಿನಲ್ಲೇ ಅಲ್ಲಿ ಒಂದು ತಲೆಮಾರಿನ ನಕ್ಷತ್ರಗಳು ಹುಟ್ಟಿ ಬಾಳಿ ಸತ್ತಿದ್ದವು. ಅದಾದ ಮೇಲೆ 2025ರಲ್ಲಿ ರೆಡ್‌ಶಿಫ್ಟ್ 14.44ರ ಮಾಮ್-ಝಡ್14 ಎಂಬ ಗೆಲಾಕ್ಸಿಯನ್ನು ರೋಹಿತದ ಆಧಾರದ ಮೇಲೆ ದೃಢಪಡಿಸಿದ ತಂಡದ ಮುಂದಾಳು, ಹಿಂದೆ 17 ಅಥವಾ 5 ಎಂದು ಎಚ್ಚರಿಸಿದ್ದ ಅದೇ ರೋಹನ್ ನಾಯ್ಡು.

ಇಂಥ ಆರಂಭದ ಗೆಲಾಕ್ಸಿಗಳು ನಿರೀಕ್ಷೆಗಿಂತ ಹೆಚ್ಚು, ನಿರೀಕ್ಷೆಗಿಂತ ಪ್ರಕಾಶ. ಇದು ಈಗ ಒಪ್ಪಿತವಾದ ಮಾತು. ಆಗ ನಕ್ಷತ್ರಗಳು ಮಳೆಗಾಲದ ಮಳೆಯಂತೆ ಬಿಟ್ಟು ಬಿಟ್ಟು ಜೋರಾಗಿ ಹುಟ್ಟುತ್ತಿದ್ದಿರಬಹುದು, ದೂಳು ಕಡಿಮೆ ಇದ್ದಿರಬಹುದು, ಭಾರಿ ನಕ್ಷತ್ರಗಳ ಪ್ರಮಾಣ ಹೆಚ್ಚಿದ್ದಿರಬಹುದು, ಕೆಲವುಗಳ ನಡುವೆ ಕಪ್ಪುಕುಳಿಗಳು ಬೆಳಕು ಸೇರಿಸುತ್ತಿದ್ದಿರಬಹುದು, ಚರ್ಚೆ ನಡೆದಿದೆ. ಈ ಗೊಂದಲವನ್ನೇ ಹಿಡಿದು ಮಹಾಸ್ಫೋಟವೇ ಸುಳ್ಳಾಯಿತು ಎಂದು ಕೆಲವು ತಲೆಬರಹಗಳು ಬಂದಾಗ ನನಗೆ ನೋವಾಯಿತು. ಗೆಲಾಕ್ಸಿಯೊಳಗಿನ ಅನಿಲ ಎಷ್ಟು ಬೇಗ ನಕ್ಷತ್ರವಾಗುತ್ತದೆ ಎಂಬುದು ಒಂದು ಪ್ರಶ್ನೆ, ವಿಶ್ವ ಬಿಸಿಯಾದ ದಟ್ಟ ಸ್ಥಿತಿಯಿಂದ ಹಿಗ್ಗಿ ಬಂದಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ ಎರಡನೆಯದು ಬೀಳುವುದಿಲ್ಲ.

ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ 2025ರ ನವೆಂಬರಿನಲ್ಲಿ ಪ್ರಕಟಿಸಿದ ಅಲಕನಂದಾ ಎಂಬ ಗೆಲಾಕ್ಸಿ ಈ ಬೆರಗಿಗೆ ಇನ್ನೊಂದು ಮುಖ ಕೊಟ್ಟಿತು. ಮಹಾಸ್ಫೋಟದಿಂದ ಸುಮಾರು 150 ಕೋಟಿ ವರ್ಷಕ್ಕೆ, ನಮ್ಮ ಕ್ಷೀರಪಥದಂತೆ ಎರಡು ಅಚ್ಚುಕಟ್ಟಾದ ಸುರುಳಿ ತೋಳುಗಳು ಅದಕ್ಕಿದ್ದವು. ಸುರುಳಿ ತೋಳು ಮೂಡಬೇಕಾದರೆ ಮೊದಲು ತಟ್ಟೆ ನೆಲೆಗೊಳ್ಳಬೇಕು, ಅದಕ್ಕೆ ಇನ್ನೂ ಹೆಚ್ಚು ಕಾಲ ಬೇಕೆಂಬ ಎಣಿಕೆ ಇತ್ತು. ಉತ್ತರದಲ್ಲಿ ಕ್ಷೀರಪಥಕ್ಕೆ ಮಂದಾಕಿನಿ ಎಂಬ ಹೆಸರಿರುವುದರಿಂದ ಅದರ ಜೊತೆ ನದಿಯ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಚೆಂದದ ಹೆಸರು.

ವೆಬ್ ಕಾಣಿಸುವುದು ಆಗಲೇ ಹೊತ್ತಿಕೊಂಡ ದೀಪಗಳನ್ನು. ಅದಕ್ಕೂ ಹಿಂದಿನ, ಮೊದಲ ದೀಪ ಹೊತ್ತುವ ಗಳಿಗೆಯನ್ನು ಹಿಡಿಯಲು ಬೇರೊಂದು ದಾರಿಯಿದೆ, ಅದೇ ಶರಾವತಿಗೆ ಬಂದ ದಾರಿ. ಜಲಜನಕದ ಪರಮಾಣು 21 ಸೆಂಟಿಮೀಟರ್ ಉದ್ದದ, ಎಂದರೆ 1,420 ಮೆಗಾಹರ್ಟ್ಸ್‌ನ ರೇಡಿಯೊ ಅಲೆಯನ್ನು ಹೊರಸೂಸಬಲ್ಲದು, ಹೀರಲೂ ಬಲ್ಲದು. ಮೊದಲ ನಕ್ಷತ್ರಗಳ ಅತಿನೇರಳೆ ಬೆಳಕು ಸುತ್ತಲಿನ ತಣ್ಣನೆಯ ಜಲಜನಕವನ್ನು ತಟ್ಟಿದಾಗ, ಆ ಜಲಜನಕ ಹಿನ್ನೆಲೆಯ ವಿಕಿರಣದಿಂದ, ಎಂದರೆ 3,80,000ನೇ ವರ್ಷದ ಆ ಪಳೆಯುಳಿಕೆ ಬೆಳಕಿನಿಂದ, ಈ ಅಲೆಯನ್ನು ಒಂದಿಷ್ಟು ಹೀರಿಕೊಂಡಿರಬೇಕು. 17, 18 ಪಟ್ಟು ಹಿಗ್ಗಿ ನಮ್ಮನ್ನು ತಲುಪುವಾಗ ಅದು ಸುಮಾರು 80 ಮೆಗಾಹರ್ಟ್ಸ್‌ನಲ್ಲಿ ಒಂದು ನವಿರಾದ ತಗ್ಗಾಗಿ ಕಾಣಬೇಕು. ಎಫ್‌ಎಂ ರೇಡಿಯೊ 88ರಿಂದ ಶುರುವಾಗುತ್ತದೆ; ಅದರ ಪಕ್ಕದ ಮನೆಯೇ ಇದು. ಚಿಕ್ಕವಳಿದ್ದಾಗ ರೇಡಿಯೊ ಮುಳ್ಳು ಎರಡು ನಿಲಯಗಳ ನಡುವೆ ಸಿಕ್ಕಿಕೊಂಡರೆ ಬರುತ್ತಿದ್ದ ಬುಸುಗುಟ್ಟುವ ಸದ್ದಿನಲ್ಲಿ ಒಂದು ಪಾಲು ಕ್ಷೀರಪಥದ್ದು. ಆ ಸದ್ದು ನಾವು ಹುಡುಕುವ ತಗ್ಗಿಗಿಂತ ಸಾವಿರಾರು ಪಟ್ಟು ಜೋರು. ಜಾತ್ರೆಯ ನಡುವೆ ನಿಂತು ಆಚೆ ಊರಿನ ಕೂಸೊಂದರ ಉಸಿರು ಕೇಳಿಸಿಕೊಂಡಂತೆ.

2018ರಲ್ಲಿ ಎಡ್ಜಸ್ ಎಂಬ ತಂಡ, ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಪ್ರದೇಶದ ಬಯಲಿನಲ್ಲಿ ಮೇಜಿನಾಕಾರದ ಆಂಟೆನಾ ಇಟ್ಟು, 78 ಮೆಗಾಹರ್ಟ್ಸ್‌ನಲ್ಲಿ ಅಂಥ ತಗ್ಗು ಕಂಡಿತು ಎಂದು ಘೋಷಿಸಿತು. ಮಹಾಸ್ಫೋಟದಿಂದ ಸುಮಾರು 18 ಕೋಟಿ ವರ್ಷದ ಸುದ್ದಿ ಅದು, ನಿಜವಾಗಿದ್ದರೆ ಯುಗದ ಸಾಧನೆ. ಆದರೆ ತಗ್ಗಿನ ಆಳ, ರೇಡಿಯೊ ಅಲೆಯ ಬಲವನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳಿದರೆ, ಅರ್ಧ ಕೆಲ್ವಿನ್ ಇತ್ತು, ಸಿದ್ಧಾಂತ ಹೇಳುವ ಗರಿಷ್ಠಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಜಲಜನಕವನ್ನು ಕಪ್ಪುದ್ರವ್ಯ ತಣಿಸಿರಬಹುದೆಂಬಂಥ ಹೊಸ ವಿವರಣೆಗಳು ಸಾಲುಗಟ್ಟಿದವು. ಇಲ್ಲಿ ರಾಮನ್ ಸಂಶೋಧನಾ ಸಂಸ್ಥೆಯವರು ಹಿಡಿದ ದಾರಿ ನನಗೆ ಬಲು ಮೆಚ್ಚುಗೆಯಾಗುತ್ತದೆ: ಹೊಸ ಭೌತಶಾಸ್ತ್ರ ಬರೆಯುವ ಮೊದಲು ಅದನ್ನು ಇನ್ನೊಮ್ಮೆ ಅಳೆಯೋಣ ಎಂದರು. ಅವರ ಬಳಿ ಸಾರಸ್ ಎಂಬ ಉಪಕರಣವಿತ್ತು, ಅದರ ಮೂರನೆಯ ರೂಪ ಸಿದ್ಧವಾಗಿತ್ತು.

ಹಿಂದಿನ ರೂಪಗಳು ನೆಲದ ಮೇಲೆ ಕೆಲಸ ಮಾಡಿದ್ದವು. ನೆಲದ ತೊಂದರೆ ಏನೆಂದರೆ ಅದು ಒಂದೇ ಸಮನಲ್ಲ. ಮೇಲೆ ಮಣ್ಣು, ಕೆಳಗೆ ಜಂಬಿಟ್ಟಿಗೆ, ಅದರಡಿ ಬಂಡೆ, ನಡುವೆ ಎಲ್ಲೋ ತೇವ. ಆಂಟೆನಾದ ಕೆಳಕ್ಕೆ ಹೋದ ಅಲೆ ಈ ಒಂದೊಂದು ಪದರಕ್ಕೂ ಬಡಿದು ಹಿಂದಿರುಗಿ ರೋಹಿತದಲ್ಲಿ ಏರಿಳಿತಗಳನ್ನು ಎಬ್ಬಿಸುತ್ತದೆ. ಆ ಏರಿಳಿತವೇ ಮೊದಲ ನಕ್ಷತ್ರಗಳ ತಗ್ಗಿನ ವೇಷ ತೊಡಬಲ್ಲದು. ಆಳವಾದ ನಿಂತ ನೀರಾದರೆ ಮೇಲಿಂದ ಕೆಳಗಿನವರೆಗೆ ಒಂದೇ ಗುಣ, ಲೆಕ್ಕಕ್ಕೆ ಸಿಗುತ್ತದೆ. ಅದಕ್ಕಾಗಿ ತೆಪ್ಪದ ಮೇಲೆ ಆಂಟೆನಾ ಕೂರಿಸಿ, ಮೊದಲು ದಂಡಿಗಾನಹಳ್ಳಿ ಕೆರೆಯಲ್ಲಿ, ಬಳಿಕ ಶರಾವತಿಯ ಹಿನ್ನೀರಿನಲ್ಲಿ ತೇಲಿಬಿಟ್ಟರು. ಎಫ್‌ಎಂ ಗದ್ದಲ ಕಡಿಮೆ ಇರುವ ಮೂಲೆ, ಸುತ್ತ ಗುಡ್ಡ, ಕೆಳಗೆ ಆಳದ ಸಿಹಿನೀರು. ಇಷ್ಟು ವರ್ಷ ನಾವು ಕಳೆದುಕೊಂಡದ್ದರ ಗುರುತಾಗಿ ಮಾತ್ರ ನೋಡಿದ್ದ ಆ ನೀರಿಗೆ, ಆಕಾಶದ ಕಡೆಯಿಂದ ನೋಡಿದರೆ ಇಂಥದೊಂದು ಗುಣವಿತ್ತು.

ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಉದಯಶಂಕರ್ ಮತ್ತು ಸಂಗಡಿಗರ ಫಲಿತಾಂಶ 2022ರ ಫೆಬ್ರುವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬಂತು: ಎಡ್ಜಸ್ ಕಂಡ ತಗ್ಗು ಇಲ್ಲಿ ಕಾಣಲಿಲ್ಲ, ಅದು ಆಕಾಶದ್ದಲ್ಲ ಎಂದು ಶೇ 95.3ರ ಭರವಸೆಯಿಂದ ಹೇಳಬಹುದು. ಅದೇ ವರ್ಷದ ಕೊನೆಯಲ್ಲಿ, ಅದೇ ಹಿನ್ನೀರಿನ ದತ್ತಾಂಶದಿಂದ ಇನ್ನೊಂದು ಪ್ರಬಂಧ ಬಂತು. ತಗ್ಗು ಕಾಣದೆ ಇದ್ದುದರಿಂದಲೇ, ಮಹಾಸ್ಫೋಟದ ಬಳಿಕ ಸುಮಾರು 20 ಕೋಟಿ ವರ್ಷದಲ್ಲಿದ್ದ ಗೆಲಾಕ್ಸಿಗಳು ರೇಡಿಯೊ ಅಲೆಗಳಲ್ಲಿ ಎಷ್ಟು ಪ್ರಕಾಶವಾಗಿರಲು ಸಾಧ್ಯವಿಲ್ಲ ಎಂಬುದಕ್ಕೆ ಮಿತಿ ಹಾಕಿದ ಪ್ರಬಂಧ ಅದು.

ಇದನ್ನು ತರಗತಿಯಲ್ಲಿ ಹೇಳಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಹಾಗಾದರೆ ಅವರಿಗೆ ಏನೂ ಸಿಗಲಿಲ್ಲವಾ ಮೇಡಂ?” ಎಂದು ಕೇಳಿದಳು. ಅವಳ ಮುಖದಲ್ಲಿ ನಿಜವಾದ ಬೇಸರವಿತ್ತು. ಹಲಗೆಯ ಮೇಲೆ ಎರಡು ಗೆರೆ ಬರೆದೆ, ಒಂದು ತಗ್ಗಿರುವುದು, ಒಂದು ನೇರವಾದದ್ದು. ತಗ್ಗಿನ ಗೆರೆ ನಿಂತಿದ್ದರೆ ಕಪ್ಪುದ್ರವ್ಯದ ಗುಣದಿಂದ ಹಿಡಿದು ಮೊದಲ ನಕ್ಷತ್ರಗಳ ಹುಟ್ಟಿನವರೆಗೆ ಏನೇನು ಬದಲಿಸಿ ಬರೆಯಬೇಕಾಗುತ್ತಿತ್ತು ಎಂದು ಅದರ ಕೆಳಗೆ ಒಂದೊಂದಾಗಿ ಬರೆಯುತ್ತ ಹೋದೆ. ಹಲಗೆ ತುಂಬಿತು. ಆಮೇಲೆ ನೇರ ಗೆರೆಯನ್ನು ತೋರಿಸಿ, ಇವನ್ನೆಲ್ಲ ಬರೆಯಬೇಕಾಗಿಲ್ಲ ಎಂದು ಗೊತ್ತಾದದ್ದು ಅವರಿಗೆ ಸಿಕ್ಕಿದ್ದು ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೆ ಹಲಗೆಯನ್ನು ಒರೆಸುವ ಮೊದಲು ಎರಡೂ ಗೆರೆಗಳನ್ನು ಪುಸ್ತಕಕ್ಕೆ ಇಳಿಸಿಕೊಂಡಳು.

ಹುಡುಕಾಟ ಮುಗಿದಿಲ್ಲ. ಸಿದ್ಧಾಂತ ಹೇಳುವ ಆಳವಿಲ್ಲದ ತಗ್ಗು ಇನ್ನೂ ಸಿಗಬೇಕಾಗಿದೆ. ಅದೇ ಸಂಸ್ಥೆಯವರು ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಸುತ್ತ ಸುತ್ತಿಸುವ ಯೋಜನೆ ಮುಂದಿಟ್ಟಿದ್ದಾರೆ. ಚಂದ್ರನ ಆಚೆ ಮಗ್ಗುಲಿಗೆ ಹೋದಾಗ ಭೂಮಿಯ ಎಲ್ಲ ಎಫ್‌ಎಂ ನಿಲಯಗಳೂ ಮರೆಯಾಗುತ್ತವೆ, ಅಡಿಯಲ್ಲಿ ಮಣ್ಣಿನ ಪದರವಾಗಲಿ ನೀರಾಗಲಿ ಇರುವುದಿಲ್ಲ. ಕ್ಷೀರಪಥ ಮಾತ್ರ ಅಲ್ಲಿಯೂ ತಲೆಯ ಮೇಲೆ ಇರುತ್ತದೆ, ಆಂಟೆನಾದ ಸ್ವಂತ ಸದ್ದೂ ಜೊತೆಗೆ ಹೋಗುತ್ತದೆ.

ಕಳೆದ ಬೇಸಿಗೆಯಲ್ಲಿ ಹಿನ್ನೀರಿನ ದಡಕ್ಕೆ ಹೋಗಿದ್ದೆ. ತೆಪ್ಪ ನಿಂತಿದ್ದ ಜಾಗ ಯಾವುದೆಂದು ಅಲ್ಲಿ ಯಾರೂ ತೋರಿಸಲಿಲ್ಲ, ನಾನೂ ಹೆಚ್ಚು ಕೇಳಲಿಲ್ಲ. ನೀರು ಬಹಳ ಇಳಿದಿತ್ತು, ಬೊಡ್ಡೆಗಳು ಕಾಣುತ್ತಿದ್ದವು. ಕತ್ತಲಾದ ಮೇಲೆ ಮೊಬೈಲಿನ ಬೆಳಕು ಆರಿಸಿ ಕುಳಿತಾಗ, ಕ್ಷೀರಪಥ ಆಚೆ ದಡದ ಗುಡ್ಡದಿಂದ ಎದ್ದು ನಡುನೀರಿನವರೆಗೆ ಬಂದಿತ್ತು.